ಬೆರಳಲ್ಲಿ ಹಿಡಿತವಿಲ್ಲದವರು ತಾವೇ ಹಾಕಿಕೊಳ್ಳಬಹುದಾದ ಕ್ಯಾಥೆಟರ್: ಬದಲಾಗಬೇಕಾದದ್ದು ಯಾವುದು?

ಪ್ರಶ್ನೆ
ಬರೆದವರು: ಇಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ಮೆಣಸು ಕೊಯ್ಯುತ್ತಿದ್ದ ನನ್ನ ದೊಡ್ಡಪ್ಪ, ಸಿಲ್ವರ್ ಮರಕ್ಕೆ ಆನಿಸಿದ್ದ ಏಣಿ ಜಾರಿ ಬಿದ್ದು, ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಈಗ ಎರಡು ವರ್ಷ ಕಳೆದಿದೆ. ಕಾಲುಗಳಲ್ಲಿ ಶಕ್ತಿಯಿಲ್ಲ. ತೋಳು, ಮಣಿಕಟ್ಟು ಆಡುತ್ತವೆ, ಆದರೆ ಬೆರಳುಗಳು ಏನನ್ನೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಮೂತ್ರಕೋಶ ತುಂಬಿದ್ದು ಅವರಿಗೆ ತಿಳಿಯುವುದಿಲ್ಲ, ಅದು ತಾನಾಗಿ ಪೂರ್ತಿ ಖಾಲಿಯಾಗುವುದೂ ಇಲ್ಲ.

ಮೊದಲ ಎಂಟು ತಿಂಗಳು ಬಲೂನಿನ ಕ್ಯಾಥೆಟರ್, ಅಂದರೆ ಮೂತ್ರ ಹೊರಹರಿಯಲು ಮೂತ್ರಕೋಶಕ್ಕೆ ಹಾಕಿ ಬಲೂನಿನಿಂದ ನಿಲ್ಲಿಸುವ ನಳಿಗೆ, ಒಳಗೇ ಇತ್ತು. ಎರಡು ಸಲ ಅದು ನಡುರಾತ್ರಿ ಕಟ್ಟಿಕೊಂಡು, ಸುರಿಯುವ ಮಳೆಯಲ್ಲಿ ಜೀಪು ಹಿಡಿದು ಆಸ್ಪತ್ರೆಗೆ ಓಡಬೇಕಾಯಿತು. ಆ ಬಳಿಕ ವೈದ್ಯರು, ದಿನಕ್ಕೆ ಐದು ಸಲ ತೆಳುವಾದ ನಳಿಗೆಯನ್ನು ಹಾಕಿ, ಮೂತ್ರ ಹರಿದ ಮೇಲೆ ಅದನ್ನು ಹೊರತೆಗೆಯುವ ಕ್ರಮವನ್ನು ದೊಡ್ಡಮ್ಮನಿಗೆ ಕಲಿಸಿದರು. ಜ್ವರ, ಸೋಂಕು ಈಗ ಬಹಳ ಕಡಿಮೆಯಾಗಿವೆ. ಆದರೆ ದೊಡ್ಡಮ್ಮ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಮನೆ ಬಿಟ್ಟಿರಲಾರರು. ಬೇಲೂರಿನಲ್ಲಿ ನಡೆದ ತಮ್ಮ ಸ್ವಂತ ತಂಗಿಯ ಮಗಳ ಮದುವೆಗೂ ಅವರು ಹೋಗಲಿಲ್ಲ. ಆ ದಿನ ದೊಡ್ಡಪ್ಪ, "ಇದೊಂದು ಕೆಲಸ ನಾನೇ ಮಾಡಿಕೊಳ್ಳುವಂತಿದ್ದರೆ ಸಾಕಿತ್ತು" ಎಂದರು. ನನ್ನ ಪ್ರಾಜೆಕ್ಟಿನ ವಿಷಯ ಅಲ್ಲಿಯೇ ನಿಶ್ಚಯವಾಯಿತು.

ನಳಿಗೆಯ ಮೇಲ್ಮೈಗೆ ಹೊಸ ಬಗೆಯ ನುಣುಪು ಲೇಪನ ಕೊಡುವುದು, ತುದಿಯ ಆಕಾರ ಬದಲಿಸುವುದು, ಇವು ನನ್ನ ಮೊದಲ ಯೋಚನೆಗಳು. ಈ ದಾರಿ ಸರಿಯೇ? ದಿನವೂ ಬಳಸುವವರಿಗೆ, ಬಳಸಲು ಕಲಿಸುವವರಿಗೆ ನಿಜವಾಗಿ ತೊಡಕಾಗುವುದು ಯಾವ ಹಂತ? ವೈದ್ಯಕೀಯ ಸಲಹೆಯನ್ನು ನಮ್ಮ ವೈದ್ಯರಿಂದಲೇ ಪಡೆಯುತ್ತಿದ್ದೇವೆ. ನಾನು ಕೇಳುತ್ತಿರುವುದು ವಿನ್ಯಾಸದ ಬಗ್ಗೆ ಮಾತ್ರ.

ಉತ್ತರ 1
ಬರೆದವರು: ನಿವೃತ್ತ ಶುಶ್ರೂಷಕಿ, ಹಾಸನ

ನಿಮ್ಮ ದೊಡ್ಡಪ್ಪನವರಿಗೆ ಮೊದಲು ಹಾಕಿದ್ದ ನಳಿಗೆ ಏಕೆ ಕಟ್ಟಿಕೊಂಡಿತು ಎಂಬುದನ್ನು ಅರಿತುಕೊಂಡರೆ, ಲೇಪನದ ಯೋಚನೆಯನ್ನು ಒಂದು ವರ್ಷದ ಪ್ರಾಜೆಕ್ಟಿಗೆ ನಾನೇಕೆ ಒಪ್ಪುವುದಿಲ್ಲ ಎಂಬುದೂ ನಿಮಗೆ ತಿಳಿಯುತ್ತದೆ.

ಬಲೂನಿನ ಕ್ಯಾಥೆಟರಿಗೆ ಇಂದಿನ ರೂಪ ಕೊಟ್ಟವರು ಅಮೆರಿಕದ ಮೂತ್ರರೋಗ ತಜ್ಞ ಫ್ರೆಡರಿಕ್ ಫೋಲಿ, 1930ರ ದಶಕದಲ್ಲಿ. ಅದರೊಳಗೆ ಎರಡು ದಾರಿಗಳಿವೆ: ಒಂದರಲ್ಲಿ ಮೂತ್ರ ಹರಿಯುತ್ತದೆ, ಇನ್ನೊಂದರ ಮೂಲಕ ಸಾಮಾನ್ಯವಾಗಿ 10 ಮಿಲಿಲೀಟರ್ ಶುದ್ಧೀಕರಿಸಿದ ನೀರು ತುಂಬಿ ಬಲೂನನ್ನು ಉಬ್ಬಿಸುತ್ತೇವೆ. ಸಲೈನ್ ತುಂಬಬಾರದು, ಉಪ್ಪಿನ ಹರಳು ಕಟ್ಟಿ ಆ ಸಣ್ಣ ದಾರಿ ಮುಚ್ಚಿದರೆ ತೆಗೆಯುವಾಗ ಬಲೂನು ಇಳಿಯುವುದಿಲ್ಲ. ಬಲೂನು ಮೂತ್ರಕೋಶದ ತಳದಲ್ಲಿ ಕುಳಿತಿರುವುದರಿಂದ, ಮೂತ್ರ ಒಳಹೋಗುವ ಕಿಂಡಿ ಅದಕ್ಕಿಂತ ಮೇಲೆಯೇ ಇರಬೇಕಾಗುತ್ತದೆ. ಹೀಗಾಗಿ ಕಿಂಡಿಯ ಕೆಳಗೆ ಸ್ವಲ್ಪ ಮೂತ್ರ ಸದಾ ಉಳಿದೇ ಇರುತ್ತದೆ. ಇದು ಆ ವಿನ್ಯಾಸದ ಹುಟ್ಟುದೋಷ. ನಳಿಗೆ ಒಳಗಿರುವ ಪ್ರತಿ ದಿನಕ್ಕೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಾಧ್ಯತೆ ಶೇಕಡಾ 3ರಿಂದ 7ರಷ್ಟು ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಡುತ್ತಿದ್ದರು, ಅಂದರೆ ತಿಂಗಳು ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರ ಮೂತ್ರದಲ್ಲೂ ಅದು ಸೇರಿರುತ್ತದೆ.

ಹಾಗೆ ಸೇರುವವುಗಳಲ್ಲಿ ಪ್ರೋಟಿಯಸ್ ಎಂಬ ಜಾತಿ ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಮೂತ್ರ ಕ್ಷಾರವಾಗುತ್ತದೆ, ಕರಗಿದ್ದ ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಫಾಸ್ಫೇಟುಗಳು ಹರಳಾಗಿ ನಳಿಗೆಯ ಕಿಂಡಿಗೆ ಅಂಟಿಕೊಳ್ಳುತ್ತವೆ. ಅರಸೀಕೆರೆ ಕಡೆ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಗಟ್ಟಿ ಪದರ ಕಟ್ಟುವುದನ್ನು ನೀವು ನೋಡಿರಬಹುದು, ನೋಟಕ್ಕೆ ಇದೂ ಹಾಗೆಯೇ. ಬೆಳ್ಳಿಯ ಲೇಪನ, ಔಷಧದ ಲೇಪನ ಎಲ್ಲವನ್ನೂ ದೊಡ್ಡ ದೊಡ್ಡ ಪ್ರಯೋಗಾಲಯಗಳು ಮಾಡಿ ನೋಡಿವೆ. ಲೇಪನದ ಮೇಲೆಯೇ ಹರಳಿನ ಪದರ ಕುಳಿತುಬಿಟ್ಟರೆ ಅಡಿಯಲ್ಲಿರುವ ಲೇಪನ ಏನು ಮಾಡೀತು?

ಈಗ ನಿಮ್ಮ ಮನೆಯಲ್ಲಿ ಬಳಸುತ್ತಿರುವ ತೆಳು ನಳಿಗೆಯ ವಿಷಯ. ಅದರ ತುದಿಯ ಬಳಿ ಎರಡು ಕಿಂಡಿಗಳಿರುತ್ತವೆ. ಮೂತ್ರಕೋಶ ಬರಿದಾಗುತ್ತ ಬಂದಂತೆ ಅದರ ಒಳಗೋಡೆ ಈ ಕಿಂಡಿಗೆ ಎಳೆದುಕೊಂಡು ಹರಿವು ನಿಂತುಬಿಡುತ್ತದೆ. ಖಾಲಿಯಾಯಿತೆಂದು ತಿಳಿದು ನಳಿಗೆಯನ್ನು ಒಮ್ಮೆಲೇ ಎಳೆದರೆ ಗೋಡೆಗೂ ನೋವು, ಒಳಗೆ ಮೂತ್ರವೂ ಬಾಕಿ. ಆದ್ದರಿಂದ ಹರಿವು ನಿಂತಾಗ ಒಂದಿಷ್ಟು ಹಿಂದಕ್ಕೆ ಸರಿಸಿ ಕಾಯಬೇಕು, ಮತ್ತೆ ಹರಿದರೆ ಹರಿಯಲು ಬಿಡಬೇಕು. ಎರಡು ದೊಡ್ಡ ಕಿಂಡಿಗಳ ಬದಲು ಹತ್ತಾರು ಸೂಕ್ಷ್ಮ ರಂಧ್ರಗಳಿರುವ ನಳಿಗೆಗಳು ಇತ್ತೀಚೆಗೆ ಬಂದಿರುವುದು ಈ ತೊಂದರೆಗಾಗಿಯೇ. ನಳಿಗೆಯಲ್ಲಿಯೇ ಆದ ಸುಧಾರಣೆಗಳಲ್ಲಿ ನನಗೆ ಅರ್ಥಪೂರ್ಣವೆನಿಸಿದ್ದು ಅದು, ಆದರೆ ಅದನ್ನು ಕಾಲೇಜಿನ ವರ್ಕ್‌ಶಾಪಿನಲ್ಲಿ ಮಾಡಲಾಗುವುದಿಲ್ಲ.

ಅಳತೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಫ್ರೆಂಚ್ ಅಳತೆಯಲ್ಲಿ ಒಂದು ಎಂದರೆ ಹೊರವ್ಯಾಸ ಮಿಲಿಮೀಟರಿನ ಮೂರನೆಯ ಒಂದು ಭಾಗ. 12 ಎಂದರೆ 4 ಮಿಲಿಮೀಟರ್. ಹಿಂಬದಿಯ ಅಗಲ ಬಾಯಿಗೆ 12ಕ್ಕೆ ಬಿಳಿ, 14ಕ್ಕೆ ಹಸಿರು, 16ಕ್ಕೆ ಕಿತ್ತಳೆ ಬಣ್ಣ. ಇಡೀ ನಳಿಗೆಯಲ್ಲಿ ಅತ್ಯಂತ ಒಳ್ಳೆಯ ವಿನ್ಯಾಸವೆಂದರೆ ಈ ಬಣ್ಣ ಎಂಬುದು ರಾತ್ರಿಪಾಳಿ ಮಾಡಿದವರಿಗೆ ಗೊತ್ತು. ದಪ್ಪ ನಳಿಗೆಯಾದರೆ ಬೇಗ ಖಾಲಿಯಾಗುತ್ತದೆಂದು ಮನೆಯವರು ತಾವಾಗಿಯೇ ದೊಡ್ಡ ಅಳತೆ ಕೊಳ್ಳುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ.

ಕೊನೆಯದಾಗಿ ಒಂದು ಎಚ್ಚರಿಕೆ. ಗಂಡಸರ ಮೂತ್ರದ ದಾರಿ ಸುಮಾರು 20 ಸೆಂಟಿಮೀಟರ್ ಉದ್ದ, ಮೂತ್ರಕೋಶದ ಬಾಯಿಯ ಹತ್ತಿರದ ಸ್ನಾಯು ಬಿಗಿದುಕೊಂಡಾಗ ನಳಿಗೆ ಅಲ್ಲಿ ತಡೆಯುತ್ತದೆ. ಆಗ ನಿಂತು, ಉಸಿರು ಬಿಟ್ಟು, ಸಡಿಲವಾಗುವವರೆಗೆ ಕಾಯಬೇಕೇ ಹೊರತು ಬಲ ಹಾಕಬಾರದು. ನೀವು ಮಾಡುವ ಸಾಧನ ಹಿಡಿತವನ್ನು ಮಾತ್ರ ಕೊಡಬೇಕು. ತಳ್ಳುವ ಬಲವನ್ನೂ ಹೆಚ್ಚಿಸುವಂತಾದರೆ, ಕೈಗೆ ಸ್ಪರ್ಶವೇ ತಿಳಿಯದ ಮನುಷ್ಯ ಒಳಗೆ ಗಾಯ ಮಾಡಿಕೊಂಡು ರಕ್ತ ಬಂದ ಮೇಲಷ್ಟೇ ತಿಳಿದಾನು.

ಉತ್ತರ 2
ಬರೆದವರು: ಗಾಲಿಕುರ್ಚಿಯಿಂದ, ಚಿಕ್ಕಮಗಳೂರು

ತಮ್ಮಾ, ನಿಮ್ಮ ದೊಡ್ಡಪ್ಪನ ಸ್ಥಿತಿಯೇ ನನ್ನದೂ. ಒಂಬತ್ತು ವರ್ಷಗಳಿಂದ ಈ ಕೆಲಸವನ್ನು ನಾನೇ ಮಾಡಿಕೊಳ್ಳುತ್ತಿದ್ದೇನೆ, ಆದರೆ ಅದಕ್ಕೂ ಮೊದಲು ಎರಡು ವರ್ಷ ನನ್ನ ತಾಯಿ ಮಾಡುತ್ತಿದ್ದರು. ಮೂವತ್ತು ದಾಟಿದ ಮಗನಿಗೆ ತಾಯಿ ಇದನ್ನು ಮಾಡುವುದು ಇಬ್ಬರಿಗೂ ಎಂಥ ಸಂಕಟ ಎಂಬುದನ್ನು ನಾನು ವಿವರಿಸಬೇಕಿಲ್ಲ. ಸಿಸ್ಟರ್ ಅವರು ಬರೆದಿರುವುದೆಲ್ಲ ಸರಿ. ನಾನು ಅದಕ್ಕೆ ಸೇರಿಸುವುದಿಷ್ಟೆ: ನನ್ನನ್ನು ನಿತ್ಯ ಸೋಲಿಸುವುದು ನಳಿಗೆಯಲ್ಲ, ನಳಿಗೆಯ ಸುತ್ತ ಇರುವ ಸಾಮಾನು.

ಬೆಳಗ್ಗೆ ಏಳರ ಸರದಿಯನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ಮೊದಲು ಕೈ ತೊಳೆಯಬೇಕು. ಗಾಲಿ ತಿರುಗಿಸಿದ ಅಂಗೈಯಲ್ಲಿ ರಸ್ತೆಯ ಕೊಳೆಯೆಲ್ಲ ಇರುತ್ತದೆ. ತೊಳೆದ ಮೇಲೆ ಮತ್ತೆ ಗಾಲಿ ಮುಟ್ಟದೆ ಸರಿದುಕೊಳ್ಳಲಾಗುವುದಿಲ್ಲ, ಆದ್ದರಿಂದ ನೀರು ಮತ್ತು ಸಾಬೂನು ಕುಳಿತಲ್ಲೇ ಇರಬೇಕು. ಆಮೇಲೆ ಪ್ಯಾಂಟು. ಸಾಮಾನ್ಯ ಪ್ಯಾಂಟಿನ ಜಿಪ್ಪು ನಿಂತುಕೊಳ್ಳುವವರಿಗಾಗಿ ಹೊಲಿದದ್ದು. ನನ್ನ ದರ್ಜಿ ಅದನ್ನು ಕೆಳಗಿನವರೆಗೂ ಉದ್ದ ಮಾಡಿ, ಎಳೆಯುವ ತುದಿಗೆ ಕೀ ಗೊಂಚಲಿನ ಬಳೆಯೊಂದನ್ನು ಹಾಕಿಕೊಟ್ಟಿದ್ದಾನೆ. ಹೆಬ್ಬೆರಳು ತೂರಿಸಿ ಎಳೆಯುತ್ತೇನೆ. ಬಟ್ಟೆ ಮತ್ತೆ ಮುಚ್ಚಿಕೊಳ್ಳದಂತೆ ತಡೆಯುವುದೇ ಒಂದು ಕೆಲಸ. ಆಮೇಲೆ ನಳಿಗೆಯ ಪೊಟ್ಟಣ. ಎರಡು ಪದರಗಳನ್ನು ಎರಡು ಕೈಯ ಹೆಬ್ಬೆರಳು ತೋರುಬೆರಳುಗಳಿಂದ ಹಿಡಿದು ಬಿಡಿಸಬೇಕು ಎಂದುಕೊಂಡು ಮಾಡಿದ ಪೊಟ್ಟಣ ಅದು. ನಮ್ಮಂಥವರು ಹಲ್ಲಿನಿಂದ ಹರಿಯುತ್ತೇವೆ. ಶುದ್ಧೀಕರಿಸಿದ ಪೊಟ್ಟಣವನ್ನು ಬಾಯಿಯಿಂದ ಹರಿಯುವುದು ಎಷ್ಟು ಸರಿ ಎಂದು ಕೇಳಬೇಡಿ, ಬೇರೆ ದಾರಿ ಇರಲಿಲ್ಲ. ಜೆಲ್ಲಿಯ ಟ್ಯೂಬಿನ ತಿರುಪು ಮುಚ್ಚಳ ಇನ್ನೊಂದು ಪರೀಕ್ಷೆ. ಒಮ್ಮೆ ಬೆರಳಿಗೆ ಜೆಲ್ಲಿ ತಾಗಿತೆಂದರೆ ಆಮೇಲೆ ಏನನ್ನೂ ಹಿಡಿಯಲಾಗುವುದಿಲ್ಲ. ನೀರು ತಾಗಿದರೆ ತಾನೇ ಜಾರುವಂತಾಗುವ ನಳಿಗೆಗಳೂ ಸಿಗುತ್ತವೆ, ಅವು ಒಳ್ಳೆಯವೇ, ಆದರೆ ದೇಹದೊಳಗೆ ಜಾರಬೇಕಾದದ್ದು ಕೈಯಲ್ಲೂ ಜಾರುತ್ತದೆ. ಅಂದರೆ ನೀವು ಕೊಡಬೇಕೆಂದಿರುವ ನುಣುಪು ನನಗೆ ಅರ್ಧ ವರ, ಅರ್ಧ ಶಾಪ.

ಇಷ್ಟಾದ ಮೇಲೆ ನಳಿಗೆ ಹಾಕುವುದು. ಅದಕ್ಕೆ ನನಗೆ ಎರಡು ನಿಮಿಷ ಸಾಕು, ಅದಕ್ಕಿಂತ ಮೊದಲಿನ ತಯಾರಿಗೆ ಹದಿನೈದು ನಿಮಿಷ. ನೀವು ಎಲ್ಲಿ ಕೆಲಸ ಮಾಡಬೇಕು ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ನಿಮ್ಮ ದೊಡ್ಡಪ್ಪನ ಮಣಿಕಟ್ಟು ಆಡುತ್ತದೆ ಎಂದಿದ್ದೀರಿ. ಮಣಿಕಟ್ಟನ್ನು ಹಿಂದಕ್ಕೆ ಎತ್ತಿದಾಗ ಬೆರಳುಗಳು ತಾವಾಗಿಯೇ ಒಳಕ್ಕೆ ಮಡಿಚಿ, ಹೆಬ್ಬೆರಳು ತೋರುಬೆರಳಿನ ಪಕ್ಕಕ್ಕೆ ಬಂದು ಒತ್ತುತ್ತದೆಯೇ ಎಂದು ನೋಡಿ. ಸ್ನಾಯುರಜ್ಜುಗಳ ಎಳೆತದಿಂದ ಆಗುವ ಈ ಹಿಡಿತವೇ ನಮ್ಮ ಬಂಡವಾಳ. ಚಿವುಟಿ ಹಿಡಿಯಲಾರೆವು, ಆದರೆ ಬಳೆಯೊಳಗೆ ಬೆರಳು ತೂರಿಸಿ ಎಳೆಯಬಲ್ಲೆವು, ಎರಡು ಅಂಗೈಗಳ ನಡುವೆ ಒತ್ತಬಲ್ಲೆವು, ಕೊಕ್ಕೆಗೆ ಸಿಕ್ಕಿಸಬಲ್ಲೆವು. ವಿನ್ಯಾಸ ಇವುಗಳಿಂದ ಆರಂಭವಾಗಲಿ. ಪೊಟ್ಟಣವನ್ನು ಕುರ್ಚಿಯ ಕೈಗೆ ಕಚ್ಚಿಸಿಡುವ ಒಂದು ಕ್ಲಿಪ್ಪು, ಅದನ್ನು ಹರಿಯಲು ಒಂದು ಬಳೆ, ಜೆಲ್ಲಿಗೆ ಅಂಗೈಯಿಂದ ಅದುಮುವ ಮುಚ್ಚಳ. ಹೊರದೇಶಗಳ ದುಬಾರಿ ನಳಿಗೆಗಳಲ್ಲಿ ಇಂಥ ಬಳೆ ಕಟ್ಟಿಯೇ ಬರುತ್ತದೆ. ಆದರೆ ದಿನಕ್ಕೆ ಐದರಂತೆ ತಿಂಗಳಿಗೆ 150 ಬೇಕು. ಒಂದಕ್ಕೆ ನೂರು ರೂಪಾಯಿ ಎಂದಿಟ್ಟುಕೊಂಡರೂ 15,000 ರೂಪಾಯಿ. ತೋಟದ ಕೂಲಿಯ ಮನೆಗೆ ಅದು ಆಗದ ಮಾತು.

ಅದಕ್ಕಾಗಿಯೇ ಇಲ್ಲಿ ಬಹಳ ಜನ ಒಂದೇ ನಳಿಗೆಯನ್ನು ತೊಳೆದು ಮತ್ತೆ ಬಳಸುತ್ತಾರೆ. ಪೊಟ್ಟಣದ ಮೇಲೆ ಒಮ್ಮೆ ಮಾತ್ರ ಬಳಸಿ ಎಂದೇ ಬರೆದಿರುತ್ತದೆ, ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು ಎಂದು ನಾನೂ ಹೇಳುತ್ತೇನೆ. ಆದರೂ ನಡೆಯುವುದು ಇದೇ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಅವರು ಬೆನ್ನುಹುರಿಯ ರೋಗಿಗಳಿಗೆ ಹೀಗೆ ಬಿಟ್ಟು ಬಿಟ್ಟು ನಳಿಗೆ ಹಾಕುವ ಕ್ರಮವನ್ನು ಕಟ್ಟುನಿಟ್ಟಿನ ಶುದ್ಧೀಕರಣದೊಂದಿಗೆ ನಡೆಸುತ್ತಿದ್ದರು. 1972ರಲ್ಲಿ ಅಮೆರಿಕದ ಮಿಷಿಗನ್ನಿನ ಜ್ಯಾಕ್ ಲ್ಯಾಪಿಡೀಸ್, ಸಾಬೂನು ನೀರಿನಲ್ಲಿ ತೊಳೆದ ಸ್ವಚ್ಛ ಕೈ ಮತ್ತು ಸ್ವಚ್ಛ ನಳಿಗೆ ಸಾಕು, ಮೂತ್ರಕೋಶ ಉಬ್ಬಿ ಅದರ ಗೋಡೆಗೆ ರಕ್ತ ಹರಿಯದಿರುವುದೇ ಸೋಂಕಿಗೆ ಹೆಚ್ಚಿನ ಕಾರಣ ಎಂದು ತೋರಿಸಿದ ಮೇಲೆಯೇ ಇದು ಮನೆಯಲ್ಲಿ ಮಾಡಿಕೊಳ್ಳುವ ಕೆಲಸವಾಯಿತು. ಆದರೆ ಲ್ಯಾಪಿಡೀಸ್ ಅವರು ಮಲೆನಾಡಿನ ಆಷಾಢವನ್ನು ನೋಡಿರಲಿಕ್ಕಿಲ್ಲ. ತೊಳೆದ ನಳಿಗೆಯ ಒಳಭಾಗ ಒಣಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹಾಸಿಗೆಯ ಹೊದಿಕೆಯೇ ಒಣಗುವುದಿಲ್ಲ, ಇನ್ನು 4 ಮಿಲಿಮೀಟರಿನ ನಳಿಗೆ ಒಣಗೀತೇ? ನನಗೆ ಜ್ವರ ಬಂದದ್ದೆಲ್ಲ ಮಳೆಗಾಲದಲ್ಲಿಯೇ. ನಳಿಗೆಗಳನ್ನು ನೇರವಾಗಿ ತೂಗುಹಾಕಿ, ಧೂಳು ಕೂರದಂತೆ ಮುಚ್ಚಿ, ಒಳಗೆ ಮಂದವಾಗಿ ಗಾಳಿಯಾಡಿಸುವ ಒಂದು ಸಣ್ಣ ಪೆಟ್ಟಿಗೆಯನ್ನು ಯಾರಾದರೂ ಮಾಡಿದರೆ, ಅದು ಕೂಡ ಕ್ಯಾಥೆಟರಿನ ವಿನ್ಯಾಸವೇ.

ಇನ್ನೊಂದು ಮಾತನ್ನು ನಿಮ್ಮ ಮನೆಯವರಿಗೆ ಹೇಳಿರಬಹುದು, ಆದರೂ ಹೇಳುತ್ತೇನೆ. ಎದೆಯ ಆರನೆಯ ಬೆನ್ನುಮೂಳೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಮೂತ್ರಕೋಶ ಮಿತಿಮೀರಿ ತುಂಬಿದರೆ ರಕ್ತದ ಒತ್ತಡ ಒಮ್ಮೆಲೇ ಏರುತ್ತದೆ, ತಲೆ ಸಿಡಿಯುತ್ತದೆ, ಮುಖದಲ್ಲಿ ಬೆವರಿಳಿಯುತ್ತದೆ. ಆಗ ನೇರವಾಗಿ ಕೂರಿಸಿ ತಕ್ಷಣ ಮೂತ್ರ ತೆಗೆಯಬೇಕು, ಅದಕ್ಕೂ ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಆ ಗಡಿಬಿಡಿಯಲ್ಲೂ ತೆರೆಯಲು ಬರುವ ಪೊಟ್ಟಣ ನಮಗೆ ಬೇಕು.

ಉತ್ತರ 3
ಬರೆದವರು: ಒಬ್ಬಳು ತಾಯಿ, ಸಕಲೇಶಪುರ

ಎಲ್ಲರೂ ಗಂಡಸರ ಲೆಕ್ಕದಲ್ಲಿಯೇ ಮಾತನಾಡುತ್ತಿರುವುದರಿಂದ ನಾನು ಬರೆಯಬೇಕಾಯಿತು. ನನ್ನ ಮಗಳು ಹುಟ್ಟುವಾಗಲೇ ಬೆನ್ನುಹುರಿ ಪೂರ್ತಿ ಮುಚ್ಚಿಕೊಂಡಿರಲಿಲ್ಲ. ಈಗ ಐದನೆಯ ತರಗತಿ, ಎರಡು ವರ್ಷದಿಂದ ತಾನೇ ನಳಿಗೆ ಹಾಕಿಕೊಳ್ಳುತ್ತಾಳೆ. ಹೆಣ್ಣುಮಕ್ಕಳ ಮೂತ್ರದ ದಾರಿ ಚಿಕ್ಕದು, ದೊಡ್ಡವರಲ್ಲೇ ಸುಮಾರು 4 ಸೆಂಟಿಮೀಟರ್. ಅಷ್ಟಕ್ಕೆ ಗಂಡಸರ 40 ಸೆಂಟಿಮೀಟರ್ ನಳಿಗೆ ಕೊಟ್ಟರೆ ಅದು ನೆಲ ಮುಟ್ಟುತ್ತದೆ. ನಮ್ಮ ಕಷ್ಟ ಉದ್ದದ್ದಲ್ಲ, ದಾರಿ ಕಣ್ಣಿಗೆ ಕಾಣದಿರುವುದು. ಮೊದಲು ಕನ್ನಡಿ ಇಟ್ಟು ಕಲಿಸಿದೆವು. ಶಾಲೆಯ ಶೌಚಾಲಯದಲ್ಲಿ ಕನ್ನಡಿ ಎಲ್ಲಿಡುವುದು? ಕೊನೆಗೆ ಸಿಸ್ಟರ್ ಒಬ್ಬರು ಬೆರಳಿನ ಗುರುತಿನಿಂದಲೇ ಹುಡುಕಿಕೊಳ್ಳುವುದನ್ನು ಕಲಿಸಿದರು.

ಇಂಥ ಮಕ್ಕಳಿಗೆ ಲ್ಯಾಟೆಕ್ಸ್ ರಬ್ಬರಿನ ಅಲರ್ಜಿ ಬರುವುದು ಬಹಳ ಹೆಚ್ಚು. ನೀವು ಮಾಡುವ ಸಾಧನದ ಹಿಡಿಕೆಗೆ, ಪಟ್ಟಿಗೆ ಯಾವ ಕಾರಣಕ್ಕೂ ಅದನ್ನು ಬಳಸಬೇಡಿ.

ಮಗಳು ನಳಿಗೆಯನ್ನು ಆಸ್ಪತ್ರೆಯ ಚೀಲದಲ್ಲಿ ಒಯ್ಯಲು ಒಪ್ಪಲಿಲ್ಲ. ಈಗ ಎರಡಂತಸ್ತಿನ ಕಂಪಾಸ್ ಬಾಕ್ಸಿನಲ್ಲಿ ಒಯ್ಯುತ್ತಾಳೆ, ಮೇಲೆ ಪೆನ್ಸಿಲು, ಕೆಳಗೆ ನಳಿಗೆ. ಅವಳಿಗೆ ಅದಕ್ಕಿಂತ ಒಳ್ಳೆಯ ವಿನ್ಯಾಸ ಬೇಕಿಲ್ಲವಂತೆ.

ಉತ್ತರ 4
ಬರೆದವರು: ಉತ್ಪನ್ನ ವಿನ್ಯಾಸ ಕಲಿಸುವವನು, ಹಾಸನ

ಪ್ರಾಜೆಕ್ಟಿನ ವ್ಯಾಪ್ತಿಯ ಬಗ್ಗೆ ಮಾತ್ರ ಹೇಳುತ್ತೇನೆ. ದೇಹದೊಳಗೆ ಹೋಗುವ ವಸ್ತು ಯಾವುದೇ ಆಗಲಿ, ಭಾರತದಲ್ಲಿ ಅದು 2017ರ ವೈದ್ಯಕೀಯ ಸಾಧನಗಳ ನಿಯಮಗಳಿಗೆ ಒಳಪಡುತ್ತದೆ. ದೇಹಕ್ಕೆ ಒಗ್ಗುತ್ತದೆಯೇ ಎಂಬುದನ್ನು ಐಎಸ್ಒ 10993 ಪ್ರಮಾಣಕದಂತೆ ಪರೀಕ್ಷಿಸಬೇಕಾಗುತ್ತದೆ. ಅದು ವಿದ್ಯಾರ್ಥಿಯೊಬ್ಬನ ಒಂದು ವರ್ಷದಲ್ಲಿ ಆಗುವಂಥದ್ದಲ್ಲ. ಮಾರುಕಟ್ಟೆಯಲ್ಲಿ ಸಿಗುವ ನಳಿಗೆಯನ್ನು ಹಾಗೆಯೇ ಇಟ್ಟುಕೊಂಡು, ಅದರ ಹೊರಗೆ ನಿಲ್ಲುವ ಹಿಡಿಕೆ, ಕ್ಲಿಪ್ಪು, ಪೆಟ್ಟಿಗೆಗಳನ್ನು ಆರಿಸಿಕೊಳ್ಳಿ. ಆದರೂ ರೋಗಿಯ ಮೇಲೆ ಬಳಸಿ ನೋಡುವ ಮೊದಲು ವೈದ್ಯಕೀಯ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಪಡೆಯಿರಿ. ದೊಡ್ಡಪ್ಪ ನಮ್ಮವರೇ ತಾನೇ ಎಂಬ ಸಲಿಗೆ ಇಲ್ಲಿ ಸಲ್ಲದು.

ಹಿಡಿಕೆಯಲ್ಲಿ ಒಂದು ಗಂಟು ಇದೆ. ಅಗಲ ಬಾಯಿಯ ಕಡೆ ಹಿಡಿಕೆ ಕೂರಿಸುವುದು ಸುಲಭ, ಆ ಭಾಗ ದೇಹಕ್ಕೆ ಹೋಗುವುದಿಲ್ಲ. ಆದರೆ 40 ಸೆಂಟಿಮೀಟರ್ ಉದ್ದದ ಮೆತ್ತಗಿನ ನಳಿಗೆಯನ್ನು ಹಿಂದಿನಿಂದ ತಳ್ಳಿದರೆ ಅದು ನಡುವೆ ಬಾಗುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಕಂಬ ಉದ್ದವಾದಷ್ಟೂ ಬೇಗ ಬಾಗುತ್ತದೆ ಎಂದು ನೀವು ಎರಡನೆಯ ವರ್ಷದಲ್ಲಿಯೇ ಓದಿದ್ದೀರಿ. ಆದ್ದರಿಂದ ಹಿಡಿಕೆ ದೇಹದ ಹತ್ತಿರ, ಮೂರು ನಾಲ್ಕು ಸೆಂಟಿಮೀಟರ್ ಅಂತರದಲ್ಲಿ ಹಿಡಿದು, ಬಿಟ್ಟು, ಹಿಂದೆ ಸರಿದು ಮತ್ತೆ ಹಿಡಿಯಬೇಕು. ಸಿಸ್ಟರ್ ಹೇಳಿದ ಎಚ್ಚರಿಕೆಗೂ ಇಲ್ಲಿಯೇ ಉತ್ತರವಿದೆ: ನಿಗದಿತ ಬಲಕ್ಕಿಂತ ಹೆಚ್ಚಾದರೆ ನಳಿಗೆಯ ಮೇಲೆ ಜಾರಿಬಿಡುವಷ್ಟು ಮಾತ್ರ ಆ ಹಿಡಿತ ಬಿಗಿಯಾಗಿರಲಿ. ಆ ಬಲ ಎಷ್ಟೆಂಬುದನ್ನು ನೀವೇ ಊಹಿಸಬೇಡಿ, ಮೂತ್ರರೋಗ ತಜ್ಞರೊಂದಿಗೆ ಕುಳಿತು ನಿರ್ಧರಿಸಿ.

3ಡಿ ಮುದ್ರಣದಲ್ಲಿ ಮಾದರಿ ಮಾಡಿ, ಆದರೆ ಅದನ್ನೇ ಕೊನೆಯ ವಸ್ತುವೆಂದು ತಿಳಿಯಬೇಡಿ. ಈ ಮುದ್ರಣದಲ್ಲಿ ಸಾಮಾನ್ಯವಾಗಿ ಬಳಸುವ ಪಿಎಲ್ಎ ಪ್ಲಾಸ್ಟಿಕ್ 60 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುವುದರಿಂದ ಕುದಿಸಲಾಗುವುದಿಲ್ಲ, ಪದರಗಳ ನಡುವಿನ ಗೆರೆಗಳಲ್ಲಿ ಕೊಳೆ ಕೂರುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ಲೇಪನದ ಯೋಚನೆಯನ್ನು ಬಿಟ್ಟಿದ್ದೇನೆ. ಈ ವಾರ ಊರಿಗೆ ಹೋಗಿ, ಮೇಲಿನ ಉತ್ತರಗಳನ್ನೆಲ್ಲ ದೊಡ್ಡಪ್ಪನವರಿಗೆ ಓದಿ ಹೇಳಿದೆ. ಪೊಟ್ಟಣವನ್ನು ಹಲ್ಲಿನಿಂದ ಹರಿಯುವ ಮಾತು ಬಂದಾಗ ಅವರು ನಕ್ಕರು. ದೊಡ್ಡಮ್ಮ ಇಲ್ಲದ ಒಂದು ಸಂಜೆ ತಾವೂ ಹಾಗೆ ಮಾಡಿ, ಹರಿದ ಮೇಲೆ ನಳಿಗೆ ನೆಲಕ್ಕೆ ಬಿದ್ದು, ಎತ್ತಿಕೊಳ್ಳಲಾಗದೆ ಸುಮ್ಮನೆ ಕುಳಿತಿದ್ದರಂತೆ. ಅದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಮಣಿಕಟ್ಟು ಎತ್ತಿಸಿ ನೋಡಿದೆ. ಬಲಗೈಯ ಹೆಬ್ಬೆರಳು ಚೆನ್ನಾಗಿ ಒತ್ತುತ್ತದೆ, ಎಡಗೈಯದು ಸ್ವಲ್ಪ ಮಾತ್ರ. ರಟ್ಟಿನಲ್ಲಿ ಕ್ಲಿಪ್ಪನ್ನೂ ದಪ್ಪ ತಂತಿಯಲ್ಲಿ ಬಳೆಯನ್ನೂ ಮಾಡಿ, ಪೊಟ್ಟಣವನ್ನು ಕುರ್ಚಿಯ ಎಡಗೈಗೆ ಕಚ್ಚಿಸಿಕೊಟ್ಟೆ. ಮೂರನೆಯ ಪ್ರಯತ್ನದಲ್ಲಿ ಪೊಟ್ಟಣ ಹರಿಯಿತು. ನಳಿಗೆ ಹಾಕುವ ಕೆಲಸವನ್ನು ದೊಡ್ಡಮ್ಮನೇ ಮಾಡಿದರು, ಅದರ ಗೋಜಿಗೆ ನಾನು ಈಗಲೇ ಹೋಗುವುದಿಲ್ಲ. ಮೊದಲು ಪೊಟ್ಟಣ, ಆಮೇಲೆ ಜೆಲ್ಲಿಯ ಮುಚ್ಚಳ, ಮಳೆಗಾಲಕ್ಕೆ ಮುಂಚೆ ಒಣಗಿಸುವ ಪೆಟ್ಟಿಗೆ, ಇಷ್ಟನ್ನು ಗೈಡ್ ಅವರ ಮುಂದಿಡುತ್ತೇನೆ. ಬಳೆಯ ಒಳ ಅಳತೆ 25 ಮಿಲಿಮೀಟರ್ ಇಟ್ಟಿದ್ದೆ. ಒಳಹೋದ ಹೆಬ್ಬೆರಳು ಹೊರಬರಲು ತೊಡಕಾಯಿತು.

ಗಾಲಿಕುರ್ಚಿಯಿಂದ, ಚಿಕ್ಕಮಗಳೂರು

ಪೂರ್ತಿ ದುಂಡಗಿನ ಬಳೆ ಬೇಡ, ಒಂದು ಬದಿ ತೆರೆದ ಕೊಕ್ಕೆಯ ಹಾಗೆ ಮಾಡಿ. ಎಳೆದಾದ ಮೇಲೆ ಕೈ ಕೆಳಗಿಳಿಸಿದರೆ ಹೆಬ್ಬೆರಳು ತಾನೇ ಕಳಚಿಕೊಳ್ಳುತ್ತದೆ. ತಂತಿಯ ತುದಿಗಳನ್ನು ಮರೆಯದೆ ಒಳಕ್ಕೆ ಸುತ್ತಿಬಿಡಿ, ಬೆರಳು ಕೊಯ್ದರೂ ದೊಡ್ಡಪ್ಪನಿಗೆ ಗೊತ್ತಾಗದೆ ಹೋಗಬಹುದು.